ಗೇಮ್‌ಗೆ ವಿಂಡೋಸಾ, ಲಿನಕ್ಸಾ?

ಒಂದೇ ಕಂಪ್ಯೂಟರ್‌ನಲ್ಲಿ ಎರಡು ಆಪರೇಟಿಂಗ್ ಸಿಸ್ಟಂ ಇಟ್ಟುಕೊಳ್ಳುವುದರ ಬಗ್ಗೆ, ಅಂದರೆ ಡ್ಯುಯಲ್ ಬೂಟ್ ಬಗ್ಗೆ, ಈ ಸಲ ಸಾಕಷ್ಟು ಪತ್ರ ಬಂದಿವೆ. ಹುಬ್ಬಳ್ಳಿಯ ನನ್ನ ರಿಪೇರಿ ಬೆಂಚಿಗೆ ಬರುವ ಹುಡುಗರೂ ದಿನಾ ಇದನ್ನೇ ಕೇಳುತ್ತಾರೆ. ಹಾಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ.

ಪ್ರಶ್ನೆ: ನಾನು ಗದಗ-ಬೆಟಗೇರಿಯವನು, ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಇದೆ. ಜಿಟಿಎಕ್ಸ್ 1650 ಕಾರ್ಡ್, 16 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ. ಲ್ಯಾಬ್ ಕೆಲಸಕ್ಕೆ ಉಬುಂಟು ಎಂಬ ಲಿನಕ್ಸ್ ಹಾಕಬೇಕು. ರಾತ್ರಿ ಗೆಳೆಯರ ಜೊತೆ ವ್ಯಾಲೊರೆಂಟ್ ಆಡುತ್ತೇನೆ, ಒಬ್ಬನೇ ಇದ್ದಾಗ ಜಿಟಿಎ 5 ಮತ್ತು ಎಲ್ಡನ್ ರಿಂಗ್. ಎಲ್ಲ ಗೇಮ್‌ಗಳನ್ನೂ ಲಿನಕ್ಸ್‌ಗೆ ಒಯ್ದರೆ ವೇಗ ಜಾಸ್ತಿ ಸಿಗುತ್ತದೆ ಎಂದು ಸೀನಿಯರ್ ಹೇಳುತ್ತಾರೆ. ನಿಜವೇ?

ಉತ್ತರ: ನಿಮ್ಮ ಲ್ಯಾಪ್‌ಟಾಪ್‌ಗೆ ಆ ಮಾತು ಹೊಂದುವುದಿಲ್ಲ. ಗೇಮ್‌ಗಳು ವಿಂಡೋಸ್‌ನಲ್ಲೇ ಇರಲಿ, ಉಬುಂಟುವನ್ನು ಓದಿಗೆ ಇಟ್ಟುಕೊಳ್ಳಿ.

ಯಾವ ಸಿಸ್ಟಂ ಒಳ್ಳೆಯದು ಎಂದು ಕೇಳುವ ಮೊದಲು ನೀವು ಆಡುವ ಗೇಮ್‌ಗಳ ಹೆಸರು ಬರೆದು ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ವಿಂಡೋಸ್‌ಗೆಂದೇ ಮಾಡಿದ ಗೇಮ್ ಇವತ್ತು ಲಿನಕ್ಸ್‌ನಲ್ಲಿ ಓಡುತ್ತಿದ್ದರೆ ಅದಕ್ಕೆ ಮುಖ್ಯ ಕಾರಣ ಪ್ರೋಟಾನ್. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿ ನಡೆಸುವ ವಾಲ್ವ್ ಕಂಪನಿ 2018ರಲ್ಲಿ ಇದನ್ನು ತಂದಿತು. ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸಲೆಂದು 1993ರಲ್ಲಿ ಶುರುವಾದ ವೈನ್ ಎಂಬ ಯೋಜನೆಯೇ ಇದರ ಬುನಾದಿ. ಗೇಮ್ ಡೈರೆಕ್ಟ್‌ಎಕ್ಸ್ ಎಂಬ ವಿಂಡೋಸ್‌ನ ಗ್ರಾಫಿಕ್ಸ್ ಭಾಷೆಯಲ್ಲಿ ಏನೇ ಕೇಳಿದರೂ ಪ್ರೋಟಾನ್ ಅದನ್ನು ಲಿನಕ್ಸ್‌ನಲ್ಲೂ ನಡೆಯುವ ವಲ್ಕನ್ ಎಂಬ ಭಾಷೆಗೆ ತಿರುಗಿಸಿ ಗ್ರಾಫಿಕ್ಸ್ ಕಾರ್ಡ್‌ಗೆ ಕೊಡುತ್ತದೆ. 2022ರಲ್ಲಿ ಲಿನಕ್ಸ್‌ನಲ್ಲೇ ನಡೆಯುವ, ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ ಬಂದ ಮೇಲಂತೂ ಈ ಕೆಲಸ ಬಹಳ ಚುರುಕಾಯಿತು. ಒಬ್ಬರೇ ಆಡುವ ಗೇಮ್‌ಗಳಲ್ಲಿ ಹೆಚ್ಚಿನವು ಈಗ ಇನ್‌ಸ್ಟಾಲ್ ಮಾಡಿ ಪ್ಲೇ ಒತ್ತಿದರೆ ಓಡುತ್ತವೆ. ನಿಮ್ಮ ಎಲ್ಡನ್ ರಿಂಗ್ ಕೂಡ ಓಡುತ್ತದೆ. ಇದನ್ನು ನಾನು ತುಂಬಾ ಮೆಚ್ಚುತ್ತೇನೆ.

ಆದರೆ ವ್ಯಾಲೊರೆಂಟ್ ಕಥೆ ಬೇರೆ. ಅದರ ಜೊತೆ ವ್ಯಾಂಗಾರ್ಡ್ ಎಂಬ ಕಾವಲು ಪ್ರೋಗ್ರಾಂ ಬರುತ್ತದೆ. ಮೋಸ ಮಾಡಿ ಆಡುವವರನ್ನು ಹಿಡಿಯುವುದು ಅದರ ಕೆಲಸ. ಕಂಪ್ಯೂಟರ್ ಆನ್ ಆಗುವಾಗಲೇ ಅದು ವಿಂಡೋಸ್‌ನ ಕರ್ನಲ್‌ನಲ್ಲಿ, ಅಂದರೆ ಸಿಸ್ಟಂನ ಒಳತಿರುಳಿನಲ್ಲಿ, ಡ್ರೈವರ್ ಆಗಿ ಕೂರುತ್ತದೆ. ಪ್ರೋಟಾನ್ ಇರುವುದು ಮಾಮೂಲಿ ಪ್ರೋಗ್ರಾಂಗಳ ಮಟ್ಟದಲ್ಲಿ. ವಿಂಡೋಸ್ ಕರ್ನಲ್ಲೇ ಇಲ್ಲದ ಕಡೆ ಅದರ ಡ್ರೈವರ್ ಕೂರಿಸುವುದು ಎಲ್ಲಿ? ಹಾಗಾಗಿ ವ್ಯಾಲೊರೆಂಟ್ ಲಿನಕ್ಸ್‌ನಲ್ಲಿ ನಡೆಯುವುದಿಲ್ಲ. 2024ರಲ್ಲಿ ಲೀಗ್ ಆಫ್ ಲೆಜೆಂಡ್ಸ್‌ಗೂ ವ್ಯಾಂಗಾರ್ಡ್ ಬಂತು, ಲಿನಕ್ಸ್‌ನಲ್ಲಿ ಅದನ್ನು ಆಡುತ್ತಿದ್ದವರ ದಾರಿಯೂ ಮುಚ್ಚಿತು. ಫೋರ್ಟ್‌ನೈಟ್ ಕೂಡ ಇಲ್ಲ. ಏಪೆಕ್ಸ್ ಲೆಜೆಂಡ್ಸ್ ಎಷ್ಟೋ ದಿನ ಚೆನ್ನಾಗಿ ಓಡುತ್ತಿತ್ತು, 2024ರ ಅಕ್ಟೋಬರ್ ಕೊನೆಗೆ ಆ ಗೇಮ್‌ನ ಕಂಪನಿಯೇ ಬಂದ್ ಮಾಡಿತು. ಜಿಟಿಎ 5ರ ಕಥೆಯ ಭಾಗವನ್ನು ಲಿನಕ್ಸ್‌ನಲ್ಲಿ ಆಡಬಹುದು, ಆನ್‌ಲೈನ್ ಭಾಗ 2024ರ ಸೆಪ್ಟೆಂಬರ್‌ನಿಂದ ಆಗುವುದಿಲ್ಲ. ಇದರಲ್ಲಿ ಲಿನಕ್ಸ್‌ನ ತಪ್ಪೇನೂ ಇಲ್ಲ, ಗೇಮ್ ಕಂಪನಿಗಳು ಮಾಡಿದ ತೀರ್ಮಾನ ಅಷ್ಟೇ. ಈಸಿ ಆ್ಯಂಟಿ-ಚೀಟ್ ಎಂಬ ಕಾವಲು ಪ್ರೋಗ್ರಾಂ 2021ರಿಂದಲೇ ಪ್ರೋಟಾನ್‌ಗೆ ಒಪ್ಪಿಕೊಂಡಿದೆ. ಎಲ್ಡನ್ ರಿಂಗ್ ಮಾಡಿದವರು ಆ ಅವಕಾಶ ಬಳಸಿಕೊಂಡರು, ಬೇರೆ ಎಷ್ಟೋ ಮಂದಿ ಬಳಸಲಿಲ್ಲ.

ಇನ್ನು ವೇಗ. ಎಎಂಡಿ ಕಾರ್ಡ್ ಇದ್ದರೆ ಲಿನಕ್ಸ್ ಎಷ್ಟೋ ಗೇಮ್‌ಗಳಲ್ಲಿ ವಿಂಡೋಸ್‌ಗೆ ಸರಿಸಮ ನಿಲ್ಲುತ್ತದೆ, ಕೆಲವು ಕಡೆ ಮುಂದೂ ಹೋಗುತ್ತದೆ. ನಿಮ್ಮ ಸೀನಿಯರ್ ಹತ್ತಿರ ಅಂಥ ಕಾರ್ಡ್ ಇರಬಹುದು. ನಿಮ್ಮದು ಎನ್‌ವಿಡಿಯಾ. ಅದರಲ್ಲಿ ಡೈರೆಕ್ಟ್‌ಎಕ್ಸ್ 12ರ ಗೇಮ್‌ಗಳು ಲಿನಕ್ಸ್‌ನಲ್ಲಿ ಸ್ವಲ್ಪ ಹಿಂದೆ ಬೀಳುತ್ತವೆ. ಎಲ್ಡನ್ ರಿಂಗ್ ಅದೇ ಜಾತಿಯದು. 4 ಜಿಬಿ ಗ್ರಾಫಿಕ್ಸ್ ಮೆಮೊರಿಯ 1650ಗೆ ಮೊದಲೇ ಅದು ಭಾರ, ಇರುವ ವೇಗವನ್ನೂ ಯಾಕೆ ಕಳೆದುಕೊಳ್ಳುತ್ತೀರಿ?

ಈಗ ನಿಮಗೆ ನಿಜವಾಗಿ ತೊಂದರೆ ಕೊಡಬಹುದಾದ ವಿಷಯಕ್ಕೆ ಬರುತ್ತೇನೆ. ಇದನ್ನು ಎರಡು ಸಲ ಓದಿ. ಉಬುಂಟು ಹಾಕುವ ಮೊದಲು ಬಯಾಸ್‌ಗೆ, ಅಂದರೆ ಮದರ್‌ಬೋರ್ಡ್‌ನ ಸೆಟ್ಟಿಂಗ್‌ಗಳಿಗೆ, ಹೋಗಿ, ನಂಬಿಕಸ್ಥ ಸಿಸ್ಟಂ ಮಾತ್ರ ಏಳಲು ಬಿಡುವ ಸೆಕ್ಯೂರ್ ಬೂಟ್ ಎಂಬ ಕಾವಲನ್ನು ಆಫ್ ಮಾಡು ಎಂದು ಬಹಳ ಮಂದಿ ಹೇಳುತ್ತಾರೆ. ಅದು ಹಳೆಯ ಸಲಹೆ. ನೀವು ಹಾಗೆ ಮಾಡಿದರೆ ಉಬುಂಟು ಚೆನ್ನಾಗಿಯೇ ಬರುತ್ತದೆ. ಆದರೆ ಅವತ್ತು ರಾತ್ರಿ ಗೆಳೆಯರೆಲ್ಲ ಕಾಯುತ್ತಿರುವಾಗ ವ್ಯಾಲೊರೆಂಟ್ ತೆರೆದರೆ ವ್ಯಾನ್ 9001 ಅಥವಾ 9003 ಅನ್ನುವ ಎರರ್ ಬಂದು ನಿಲ್ಲುತ್ತದೆ. ವಿಂಡೋಸ್ 11ರಲ್ಲಿ ವ್ಯಾಂಗಾರ್ಡ್‌ಗೆ ಸೆಕ್ಯೂರ್ ಬೂಟ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಎರಡೂ ಆನ್ ಇರಲೇಬೇಕು. 2025ರಲ್ಲಿ ಬಂದ ಬ್ಯಾಟಲ್‌ಫೀಲ್ಡ್ 6 ಕೂಡ ಸೆಕ್ಯೂರ್ ಬೂಟ್ ಕೇಳುತ್ತದೆ. ಆದ್ದರಿಂದ ಅದನ್ನು ಮುಟ್ಟಬೇಡಿ. ಉಬುಂಟು, ಮಿಂಟ್, ಫೆಡೋರಾ ಎಂಬ ಮೂರೂ ಲಿನಕ್ಸ್‌ಗಳು ಸೆಕ್ಯೂರ್ ಬೂಟ್ ಆನ್ ಇದ್ದಾಗಲೇ ಇನ್‌ಸ್ಟಾಲ್ ಆಗುತ್ತವೆ.

ಎನ್‌ವಿಡಿಯಾ ಡ್ರೈವರ್ ಹಾಕುವಾಗ ಉಬುಂಟು ಒಂದು ಪಾಸ್‌ವರ್ಡ್ ಇಡಲು ಹೇಳಬಹುದು. ಹೇಳಿದರೆ ಅದನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಆನ್ ಆಗುವಾಗ ನೀಲಿ ಪರದೆ ಬರುತ್ತದೆ, ಏನಾದರೂ ಒತ್ತಿ ಎಂದು ಕೇಳಿ 10 ಸೆಕೆಂಡ್ ಎಣಿಸುತ್ತದೆ. ನೀಲಿ ಪರದೆ ಅಂದರೆ ವಿಂಡೋಸ್ ಕೆಟ್ಟಿತು ಎಂದು ಹೆದರಿ ಸುಮ್ನೆ ಕೂತರೆ ಸಮಯ ಮುಗಿದು ಮುಂದೆ ಹೋಗಿಬಿಡುತ್ತದೆ, ಡ್ರೈವರ್ ಲೋಡ್ ಆಗುವುದಿಲ್ಲ. ಕೂಡಲೇ ಒಂದು ಕೀ ಒತ್ತಿ, ಎನ್‌ರೋಲ್ ಎಂಒಕೆ ಆರಿಸಿ, ಅದೇ ಪಾಸ್‌ವರ್ಡ್ ಕೊಟ್ಟು ರೀಬೂಟ್ ಮಾಡಿ. ಅಷ್ಟೇ. ಹುಡುಗರು ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಹಾಕಿಕೊಂಡು ನನ್ನ ಹತ್ತಿರ ಓಡಿ ಬರುವುದು ಹೆಚ್ಚಾಗಿ ಈ ಪರದೆಯ ಕಾರಣಕ್ಕೇ.

ಡಿಸ್ಕ್ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಮೊದಲು ಫೈಲ್‌ಗಳ ಬ್ಯಾಕಪ್ ತೆಗೆಯಿರಿ. ವಿಂಡೋಸ್ 11ರಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಆಗಿರಬಹುದು, ಅಂದರೆ ಕೀ ಇಲ್ಲದೆ ಓದಲಾಗದಂತೆ ಬೀಗ ಬಿದ್ದಿರಬಹುದು. ಮೈಕ್ರೋಸಾಫ್ಟ್ ಅಕೌಂಟಿನ ಪುಟ ತೆರೆದು 48 ಅಂಕಿಯ ರಿಕವರಿ ಕೀ ಬರೆದುಕೊಳ್ಳಿ. ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ. ಆಮೇಲೆ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಜಾಗ ಕಡಿಮೆ ಮಾಡಿ 100 ಜಿಬಿ ಖಾಲಿ ಬಿಡಿ. ಲ್ಯಾಬ್ ಕೆಲಸಕ್ಕೆ ಅಷ್ಟು ಧಾರಾಳ ಆಯಿತು. ಮಿಕ್ಕಿದ್ದೆಲ್ಲ ಗೇಮ್‌ಗಳಿಗೆ ಬೇಕು, ಜಿಟಿಎ 5 ಒಂದೇ 100 ಜಿಬಿ ಹತ್ತಿರ ನುಂಗುತ್ತದೆ.

ಪ್ರಶ್ನೆ: ಊರು ಹಾವೇರಿ. ನನ್ನ ಡೆಸ್ಕ್‌ಟಾಪ್ ಆರನೇ ತಲೆಮಾರಿನ ಐ5, ಕಾರ್ಡ್ ಜಿಟಿಎಕ್ಸ್ 1050 ಟಿಐ. ವಿಂಡೋಸ್ 11 ಬರುವುದಿಲ್ಲ ಅನ್ನುತ್ತದೆ. ಆಡುವುದು ಕೌಂಟರ್-ಸ್ಟ್ರೈಕ್ 2 ಮತ್ತು ಸ್ಟೀಮ್‌ನಲ್ಲಿ ಕೊಂಡ ಕೆಲವು ಹಳೆಯ ಗೇಮ್‌ಗಳು. ಹೊಸ ಕಂಪ್ಯೂಟರ್ ಕೊಳ್ಳಬೇಕೇ? ನೆಟ್ ಪ್ಯಾಕ್‌ಗೆ ಮಿತಿ ಇದೆ, ಗೇಮ್ ಎಲ್ಲ ಮತ್ತೆ ಡೌನ್‌ಲೋಡ್ ಮಾಡುವ ಹಾಗಿಲ್ಲ.

ಉತ್ತರ: ಕೊಳ್ಳಬೇಡಿ! ಲಿನಕ್ಸ್‌ಗೆ ಹೋಗಿ ಎಂದು ನಾನು ಧೈರ್ಯವಾಗಿ ಹೇಳುವುದು ನಿಮ್ಮಂಥವರಿಗೇ.

ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ ಕೊಡುವುದನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದ್ದಾರೆ. ನಿಮ್ಮ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ, ಇಂಟೆಲ್‌ನಲ್ಲಿ ಆ ಪಟ್ಟಿ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಶುರುವಾಗುತ್ತದೆ. ಓಡುವ ಮಷಿನ್ನನ್ನು ಮೂಲೆಗೆ ಹಾಕುವುದು ನನಗೆ ಸಂಕಟದ ವಿಷಯ. ಕೌಂಟರ್-ಸ್ಟ್ರೈಕ್ 2ಗೆ ಲಿನಕ್ಸ್‌ನದೇ ಆವೃತ್ತಿ ಇದೆ, ಡೋಟಾ 2ಗೂ ಇದೆ. ಇವಕ್ಕೆ ಪ್ರೋಟಾನ್ ಕೂಡ ಬೇಕಿಲ್ಲ.

ಲಿನಕ್ಸ್ ಮಿಂಟ್ ಹಾಕಿ. ಆದರೆ ಸಾಧ್ಯವಾದರೆ ಅದಕ್ಕೇ ಬೇರೆ ಎಸ್‌ಎಸ್‌ಡಿ ಕೊಡಿ, ಒಂದು ಚಿಕ್ಕ ಸಾಟಾ ಎಸ್‌ಎಸ್‌ಡಿ ಸಾಕು. ಮಿಂಟ್ ಹಾಕುವಾಗ ವಿಂಡೋಸ್ ಡಿಸ್ಕ್‌ನ ಕೇಬಲ್ ಕಿತ್ತಿಟ್ಟು ಆಮೇಲೆ ಜೋಡಿಸಿ. ಆಗ ಸಿಸ್ಟಂ ಎಬ್ಬಿಸುವ ಪ್ರೋಗ್ರಾಂಗಳು, ಅಂದರೆ ಬೂಟ್‌ಲೋಡರ್ ಎರಡೂ, ತಮ್ಮ ತಮ್ಮ ಡಿಸ್ಕ್‌ನಲ್ಲಿ ಇರುತ್ತವೆ, ಒಂದು ಕೆಟ್ಟರೆ ಇನ್ನೊಂದು ಏಳುತ್ತದೆ. ಡೆಸ್ಕ್‌ಟಾಪ್ ಇರುವವರಿಗೆ ಇದಕ್ಕಿಂತ ನೆಮ್ಮದಿಯ ದಾರಿ ಇಲ್ಲ.

ಡ್ರೈವರ್ ಮ್ಯಾನೇಜರ್‌ನಲ್ಲಿ ಎನ್‌ವಿಡಿಯಾದ 580 ಸರಣಿ ಆರಿಸಿ. ನಿಮ್ಮ 1050 ಟಿಐ ಪಾಸ್ಕಲ್ ಕಾಲದ ಕಾರ್ಡ್, ಅದಕ್ಕೆ ಇದೇ ಕೊನೆಯ ಸರಣಿ. ಪಟ್ಟಿಯಲ್ಲಿ 590 ಕಂಡರೂ ಹಾಕಬೇಡಿ, ಅದು ನಿಮ್ಮ ಕಾರ್ಡನ್ನು ಗುರುತಿಸುವುದಿಲ್ಲ.

ಡೌನ್‌ಲೋಡ್ ಚಿಂತೆಗೆ ದಾರಿ ಇದೆ. ವಿಂಡೋಸ್ ಡಿಸ್ಕ್‌ನ ಸ್ಟೀಮ್‌ಆ್ಯಪ್ಸ್ ಫೋಲ್ಡರ್ ಒಳಗೆ ಕಾಮನ್ ಅನ್ನುವ ಫೋಲ್ಡರ್ ಇರುತ್ತದೆ. ಅಲ್ಲಿಂದ ನಿಮಗೆ ಬೇಕಾದ ಗೇಮ್‌ನ ಫೋಲ್ಡರನ್ನು ಲಿನಕ್ಸ್‌ನ ಸ್ಟೀಮ್‌ನಲ್ಲಿ ಅದೇ ಜಾಗಕ್ಕೆ ಕಾಪಿ ಮಾಡಿ. ಆಮೇಲೆ ಸ್ಟೀಮ್‌ನಲ್ಲಿ ಇನ್‌ಸ್ಟಾಲ್ ಒತ್ತಿದರೆ ಅದು ಇರುವ ಫೈಲ್‌ಗಳನ್ನು ಪರೀಕ್ಷಿಸಿ, ಇಲ್ಲದ್ದನ್ನು ಮಾತ್ರ ಇಳಿಸಿಕೊಳ್ಳುತ್ತದೆ. ಪ್ರೋಟಾನ್‌ನಲ್ಲಿ ಓಡುವ ಗೇಮ್‌ಗೆ ಬೇಕಾದ ಫೈಲ್‌ಗಳು ವಿಂಡೋಸ್‌ನವೇ, ಹಾಗಾಗಿ ಹೆಚ್ಚೇನೂ ಉಳಿದಿರುವುದಿಲ್ಲ. ಕೌಂಟರ್-ಸ್ಟ್ರೈಕ್‌ಗೆ ಮಾತ್ರ ಲಿನಕ್ಸ್‌ನದೇ ಕೆಲವು ಫೈಲ್ ಬೇಕು, ಸ್ವಲ್ಪ ಡೇಟಾ ಖರ್ಚಾಗುತ್ತದೆ.

ಕಾಪಿ ಯಾಕೆ, ವಿಂಡೋಸ್ ಡಿಸ್ಕ್‌ನಿಂದಲೇ ನೇರ ಆಡಿದರೆ ಆಗದೇ ಅನ್ನಬಹುದು. ಬೇಡ. ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಮಾದರಿಯ ಡಿಸ್ಕ್‌ನಲ್ಲಿ ಪ್ರೋಟಾನ್ ಆಗಾಗ ಮುನಿಸಿಕೊಳ್ಳುತ್ತದೆ, ಇವತ್ತು ಓಡಿದ ಗೇಮ್ ನಾಳೆ ತೆರೆಯುವುದಿಲ್ಲ. ಜೊತೆಗೆ ವಿಂಡೋಸ್‌ನ ಫಾಸ್ಟ್ ಸ್ಟಾರ್ಟ್‌ಅಪ್ ಆನ್ ಇದ್ದರೆ ನೀವು ಶಟ್‌ಡೌನ್ ಮಾಡಿದರೂ ವಿಂಡೋಸ್ ಅರ್ಧ ನಿದ್ದೆಯಲ್ಲೇ ಇರುತ್ತದೆ. ಆಗ ಲಿನಕ್ಸ್ ಆ ಡಿಸ್ಕ್ ಓದುತ್ತದೆ, ಬರೆಯಲು ಒಪ್ಪುವುದಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ ಅದನ್ನು ಆಫ್ ಮಾಡಿ.

ಪ್ರಶ್ನೆ: ಧಾರವಾಡದಿಂದ ಬರೆಯುತ್ತಿದ್ದೇನೆ. ಲಿನಕ್ಸ್‌ನಿಂದ ವಿಂಡೋಸ್‌ಗೆ ಬಂದರೆ ಗಡಿಯಾರ ಐದೂವರೆ ತಾಸು ಹಿಂದೆ ಇರುತ್ತದೆ. ಮದರ್‌ಬೋರ್ಡ್‌ನ ಬ್ಯಾಟರಿ ಹೋಗಿದೆಯೇ?

ಉತ್ತರ: ಬ್ಯಾಟರಿ ಚೆನ್ನಾಗಿದೆ, ಹಣ ಹಾಕಬೇಡಿ. ಮದರ್‌ಬೋರ್ಡ್‌ನ ಗಡಿಯಾರದಲ್ಲಿ ಭಾರತದ ಸಮಯ ಇದೆ ಎಂದು ವಿಂಡೋಸ್ ನಂಬುತ್ತದೆ. ಲಿನಕ್ಸ್ ಅಲ್ಲಿ ಯುಟಿಸಿ ಎಂಬ ಜಾಗತಿಕ ಸಮಯ ಬರೆದಿಡುತ್ತದೆ. ನಮ್ಮ ಸಮಯಕ್ಕೂ ಅದಕ್ಕೂ ಸರಿಯಾಗಿ 5 ಗಂಟೆ 30 ನಿಮಿಷ ಅಂತರ. ಲಿನಕ್ಸ್‌ನ ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಕಮಾಂಡ್ ಬಳಸಿ ಸೆಟ್-ಲೋಕಲ್-ಆರ್‌ಟಿಸಿ ಆಯ್ಕೆಯನ್ನು 1ಕ್ಕೆ ಇಟ್ಟರೆ ಜಗಳ ಮುಗಿಯುತ್ತದೆ. ಸಮಯ ತಪ್ಪಿದ್ದರೆ ಕೆಲವು ಗೇಮ್ ಲಾಂಚರ್‌ಗಳು ಲಾಗಿನ್ ಆಗಲೂ ಬಿಡುವುದಿಲ್ಲ, ಅದಕ್ಕೇ ಇದನ್ನು ಸಣ್ಣ ವಿಷಯ ಎಂದು ಬಿಡಬೇಡಿ.

ಪ್ರಶ್ನೆ: ರಾಣೆಬೆನ್ನೂರಿನಲ್ಲಿ ಅಂಗಡಿ ಇಟ್ಟಿದ್ದೇನೆ. ಮಗ ಒಂಬತ್ತನೇ ಕ್ಲಾಸ್, ಗೇಮ್ ಜಾಸ್ತಿ ಆಗಿದೆ. ವಿಂಡೋಸ್ ತೆಗೆದು ಲಿನಕ್ಸ್ ಮಾತ್ರ ಇಟ್ಟರೆ ಬಿಡುತ್ತಾನೆಯೇ? ನಾನು ಅದೇ ಕಂಪ್ಯೂಟರ್‌ನಲ್ಲಿ ನುಡಿ ಎಂಬ ಕನ್ನಡ ತಂತ್ರಾಂಶ ಬಳಸಿ ಪತ್ರ ಟೈಪ್ ಮಾಡುತ್ತೇನೆ.

ಉತ್ತರ: ಬಿಡುವುದಿಲ್ಲ ಸರ್. ಲಿನಕ್ಸ್‌ನಲ್ಲಿ ಸಾವಿರಾರು ಗೇಮ್ ಓಡುತ್ತವೆ ಎಂದು ಮೇಲೆಯೇ ಓದಿದಿರಲ್ವಾ. ಗೆಳೆಯರ ಜೊತೆ ಆಡುವ ಗೇಮ್ ಮಾತ್ರ ತಪ್ಪುತ್ತದೆ, ನೀವು ಬೇಕೆಂದೇ ಮಾಡಿದಿರಿ ಎಂದು ಅವನಿಗೆ ಗೊತ್ತಾಗುತ್ತದೆ. ನಿಮ್ಮ ಕೆಲಸವೂ ಕೆಡುತ್ತದೆ. ಲಿನಕ್ಸ್‌ನಲ್ಲಿ ನುಡಿಯಲ್ಲಿರುವ ಕಗಪ ಕೀಬೋರ್ಡ್ ವಿನ್ಯಾಸವೇ ಸಿಗುತ್ತದೆ, ಹೊಸ ಪತ್ರ ಯುನಿಕೋಡ್‌ನಲ್ಲಿ ಟೈಪ್ ಮಾಡಲು ಬೆರಳಿಗೆ ಕಷ್ಟ ಆಗದು. ಆದರೆ ಹಳೆಯ ನುಡಿ ಫಾಂಟ್‌ನ ಫೈಲ್‌ಗಳು ಆ ಫಾಂಟ್ ಇಲ್ಲದೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ.

ವಿಂಡೋಸ್ ಇರಲಿ. ಅವನು ಸ್ಟೀಮ್‌ನಲ್ಲಿ ಆಡುವುದಾದರೆ ಅದರಲ್ಲಿ 2024ರಿಂದ ಸ್ಟೀಮ್ ಫ್ಯಾಮಿಲೀಸ್ ಎಂಬ ಸೌಲಭ್ಯ ಇದೆ. ನಿಮ್ಮದೊಂದು ಅಕೌಂಟ್ ಮಾಡಿ, ಮಗನನ್ನು ಮಗುವಾಗಿ ಸೇರಿಸಿ. ದಿನಕ್ಕೆ ಎಷ್ಟು ಹೊತ್ತು, ಯಾವ ಗೇಮ್ ಎಂದು ನೀವೇ ಮಿತಿ ಇಡಬಹುದು. ಮಿತಿ ಅಕೌಂಟಿಗೇ ಅಂಟಿರುವುದರಿಂದ ಅವನು ಸ್ಟೀಮ್‌ಗೆ ವಿಂಡೋಸ್‌ನಿಂದ ಬಂದರೂ ಲಿನಕ್ಸ್‌ನಿಂದ ಬಂದರೂ ಅದೇ ಲೆಕ್ಕ. ಸ್ಟೀಮ್ ಹೊರಗಿನ ಗೇಮ್‌ಗಳಿಗೆ ವಿಂಡೋಸ್‌ನ ಮೈಕ್ರೋಸಾಫ್ಟ್ ಫ್ಯಾಮಿಲಿ ಸೇಫ್ಟಿ ಇದೆ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪರೀಕ್ಷೆಯ ದಿನಗಳಿಗೆ ಎಷ್ಟು, ರಜೆಗೆ ಎಷ್ಟು ಎಂದು ಅವನನ್ನೇ ಕೇಳಿ ಸಮಯ ತುಂಬಿ.