ಯಂತ್ರ ಕಾಣದ ಊರಿನ ಕಂಪನ ಅಳೆದದ್ದು ಹೇಗೆ?

ಪ್ರಶ್ನೆ: 2022ರ ಜೂನ್ 28ರ ಬೆಳಿಗ್ಗೆ ನಮ್ಮ ಸಂಪಾಜೆ ಕಡೆ ಗುಡುಗಿದ ಹಾಗೆ ಸದ್ದಾಗಿ ಪಾತ್ರೆಗಳು ಅಲುಗಿದವು. ಕೇಂದ್ರ ಕೊಡಗಿನ ಚೆಂಬು ಹತ್ತಿರ, ರಿಕ್ಟರ್ ಮಾಪಕದಲ್ಲಿ 3.0 ಅಂತ ಸುದ್ದಿ ಬಂತು. ಈ ಕಡೆ ಯಾವ ಯಂತ್ರವನ್ನೂ ನಾನು ಕಂಡಿಲ್ಲ. ಇದೆಲ್ಲ ಸುಮ್ನೆ ಅಂದಾಜಾ?

ಉತ್ತರ: ಅಂದಾಜೇ, ಆದರೆ ಲೆಕ್ಕ ಹಾಕಿದ ಅಂದಾಜು. ಯಂತ್ರ ನಿಮ್ಮೂರಲ್ಲೇ ಇರಬೇಕಿಲ್ಲ, ಸುತ್ತ ಮೂರ್ನಾಲ್ಕು ಕಡೆ ಇದ್ದರೆ ಸಾಕು.

ಕಂಪನದಿಂದ ಎರಡು ಬಗೆಯ ಅಲೆ ಹೊರಡುತ್ತವೆ. ಪಿ ಅಲೆ ಬಂಡೆಯೊಳಗೆ ಸೆಕೆಂಡಿಗೆ ಸುಮಾರು 6 ಕಿ.ಮೀ. ಓಡಿದರೆ, ಎಸ್ ಅಲೆ ಮೂರೂವರೆ ಕಿ.ಮೀ. ಓಡುತ್ತದೆ. ದೂರ ಹೋದಷ್ಟೂ ಇವೆರಡು ತಲುಪುವ ಸಮಯದ ಅಂತರ ಹೆಚ್ಚುತ್ತದೆ. ನಾನು ಯಂತ್ರ ಕಾಗದದ ಸುರುಳಿಯ ಮೇಲೆ ಗೆರೆ ಎಳೆಯುತ್ತಿದ್ದ ಕಾಲದವನು. ಆ ಅಂತರವನ್ನು ಸ್ಕೇಲಿಟ್ಟು ಅಳೆದು, ಸೆಕೆಂಡುಗಳನ್ನು 8ರಿಂದ ಗುಣಿಸುತ್ತಿದ್ದೆವು. 10 ಸೆಕೆಂಡ್ ಅಂದರೆ ಹತ್ತಿರ ಹತ್ತಿರ 80 ಕಿ.ಮೀ. ದೂರ. ಆಮೇಲೆ ನಕ್ಷೆಯ ಮೇಲೆ ಯಂತ್ರವಿರುವ ಪ್ರತಿ ಅಳತೆ ಕೇಂದ್ರದಿಂದಲೂ ಅಷ್ಟು ದೂರಕ್ಕೆ ಕೈವಾರದಲ್ಲಿ ಒಂದೊಂದು ವೃತ್ತ. ಮೂರು ವೃತ್ತ ಕೂಡುವ ಜಾಗವೇ ಕಂಪನದ ಜಾಗ. ನಿಜ ಹೇಳಬೇಕೆಂದರೆ ಅವು ಒಂದು ಚುಕ್ಕೆಯಲ್ಲಿ ಕೂಡುವುದೇ ಅಪರೂಪ, ನಡುವೆ ಸಣ್ಣ ತ್ರಿಕೋನ ಉಳಿಯುತ್ತದೆ. ಈಗ ಕಂಪ್ಯೂಟರ್ ನಿಮಿಷಗಳಲ್ಲಿ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಆಳ ಮಾತ್ರ ಕಷ್ಟ. ಹತ್ತಿರದಲ್ಲಿ ಅಳತೆ ಕೇಂದ್ರ ಇಲ್ಲದಿದ್ದರೆ ಅದು ಸರಿಯಾಗಿ ಸಿಗುವುದಿಲ್ಲ. ಸುದ್ದಿಯಲ್ಲಿ ‘10 ಕಿ.ಮೀ. ಆಳ’ ಅಂತ ಕಂಡರೆ, ಎಷ್ಟೋ ಸಲ ಅದು ಲೆಕ್ಕ ನಿಲ್ಲಲಿ ಅಂತ ಹಿಡಿದುಕೊಂಡ ಅಂಕಿ.

ಇನ್ನು 3.0. ರಿಕ್ಟರ್ ಎಂಬ ವಿಜ್ಞಾನಿ 1935ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇಟ್ಟ ಅಳತೆ ಇದು. 100 ಕಿ.ಮೀ. ದೂರದಲ್ಲಿರುವ ಆ ಕಾಲದ ಯಂತ್ರದ ಗೆರೆ 1 ಮಿ.ಮೀ. ಅಲುಗಿದರೆ ಅದು 3. ಆ ಯಂತ್ರ ನೆಲದ ಚಲನೆಯನ್ನು 2,000 ಪಟ್ಟಿಗಿಂತ ಜಾಸ್ತಿ ಹಿಗ್ಗಿಸಿ ತೋರಿಸುತ್ತಿತ್ತು. ಹಾಗಾದರೆ ಅಲ್ಲಿ ನೆಲ ಅಲುಗಿದ್ದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗವೂ ಅಲ್ಲ! ಒಂದು ಅಂಕಿ ಏರಿದರೆ ಗೆರೆ 10 ಪಟ್ಟು, ಶಕ್ತಿ ಸುಮಾರು 32 ಪಟ್ಟು. 1993ರಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಾದ ಭೂಕಂಪ 6.2. ನಿಮ್ಮದಕ್ಕಿಂತ ಸುಮಾರು 60 ಸಾವಿರ ಪಟ್ಟು ಶಕ್ತಿ.

ಎರಡು ಸಂಸ್ಥೆಗಳ ಅಂಕಿಯಲ್ಲಿ 0.2, 0.3 ವ್ಯತ್ಯಾಸ ಕಂಡರೆ ಯಾರೋ ಸುಳ್ಳು ಹೇಳುತ್ತಿದ್ದಾರೆ ಅಂದುಕೊಳ್ಳಬೇಡಿ. ಅಳತೆ ಕೇಂದ್ರಗಳು ಬೇರೆ, ಕೆಳಗಿನ ಮಣ್ಣು ಬೇರೆ, ಸರಾಸರಿಯೂ ಬೇರೆ ಬರುತ್ತದೆ.

ನೀವು ಕೇಳಿದ ಸದ್ದು ಹೆಚ್ಚಾಗಿ ಪಿ ಅಲೆಯದ್ದು. ನೆಲ ಅದನ್ನು ಗಾಳಿಗೆ ದಾಟಿಸುತ್ತದೆ. ಮೇಲ್ಮೈಗೆ ಹತ್ತಿರದ ಸಣ್ಣ ಕಂಪನಗಳಲ್ಲಿ ಇದು ಚೆನ್ನಾಗಿ ಕೇಳಿಸುತ್ತದೆ. ಇನ್ನೊಮ್ಮೆ ಆದರೆ ಸದ್ದು ಮೊದಲೋ ಅಲುಗಾಟ ಮೊದಲೋ ಅಂತ ಗಮನಿಸಿ ಬರೆಯುತ್ತೀರಾ?