ಮಾಡದ ಕೊಲೆಯನ್ನು ಹದಿಹರೆಯದ ಹುಡುಗರು ಯಾಕೆ ಒಪ್ಪಿಕೊಳ್ಳುತ್ತಾರೆ? ಅಮೆರಿಕದಲ್ಲಿ ಹೀಗೆ ಜೀವಾವಧಿ ಶಿಕ್ಷೆ ಆಗಿದೆಯಾ?

ಆಗಿದೆ. ಒಪ್ಪಿಕೊಳ್ಳಲು ಮುಖ್ಯ ಕಾರಣ, ಆ ವಯಸ್ಸಿಗೆ ಎದುರಿಗಿರುವ ಒತ್ತಡ ಮುಗಿದರೆ ಸಾಕು ಅನ್ನಿಸುತ್ತದೆ. ಮುಂದಿನ ಮೂವತ್ತು ವರ್ಷ ಕಣ್ಣಿಗೆ ಕಾಣುವುದಿಲ್ಲ. ದುಡುಕನ್ನು ತಡೆದು ಮುಂದಾಲೋಚನೆ ಮಾಡುವ ಮೆದುಳಿನ ಭಾಗ ಇಪ್ಪತ್ತು ದಾಟಿದ ಮೇಲೂ ಬೆಳೆಯುತ್ತಲೇ ಇರುತ್ತದೆ. 'ಹ್ಞೂಂ ಅಂದ್ರೆ ಮನೆಗೆ ಹೋಗಬಹುದು' ಅಂತ ಹುಡುಗ ನಿಜವಾಗಿಯೂ ನಂಬಿಬಿಡುತ್ತಾನೆ.

ಅರ್ಕಾನ್ಸಾಸ್‌ನ ವೆಸ್ಟ್ ಮೆಂಫಿಸ್ ಪ್ರಕರಣ ನೋಡಿ. 1993ರಲ್ಲಿ ಅಲ್ಲಿ 8 ವರ್ಷದ ಮೂವರು ಬಾಲಕರ ಕೊಲೆಯಾಯಿತು. ಪೊಲೀಸರು 17ರ ಹುಡುಗನೊಬ್ಬನನ್ನು ಗಂಟೆಗಟ್ಟಲೆ ವಿಚಾರಿಸಿದರು. ಟೇಪ್ ಆದದ್ದು ಅದರಲ್ಲಿ ಒಂದು ಗಂಟೆಗೂ ಕಡಿಮೆ. ಕೊಲೆ ಬೆಳಿಗ್ಗೆ ನಡೆಯಿತು ಅಂತ ಅವನು ಮೊದಲು ಹೇಳಿದ್ದ. ಆದರೆ ಆ ಹೊತ್ತಿಗೆ ಮಕ್ಕಳು ಶಾಲೆಯಲ್ಲಿದ್ದರು! ಪ್ರಶ್ನೆ ಮುಂದುವರಿದಂತೆ ಅವನು ಹೇಳುವ ಕೊಲೆಯ ಸಮಯ ಸಂಜೆಗೆ ಸರಿಯಿತು. ಆಮೇಲೆ ಹೇಳಿಕೆ ಹಿಂದೆ ತೆಗೆದುಕೊಂಡರೂ ಅವನಿಗೆ ಜೀವಾವಧಿ ತಪ್ಪಲಿಲ್ಲ. ಜ್ಯೂರಿಗೆ (ತೀರ್ಪು ಕೊಡುವ ಸಾಮಾನ್ಯ ನಾಗರಿಕರ ತಂಡಕ್ಕೆ) 'ನಾನೇ ಮಾಡಿದೆ' ಅನ್ನುವ ಮಾತಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ, ಅಲ್ವಾ?

ಅವನೂ ಜೊತೆಗೆ ಶಿಕ್ಷೆಯಾದ ಇನ್ನಿಬ್ಬರೂ 2011ರಲ್ಲಿ ಹೊರಬಂದರು. ಅದೂ ವಿಚಿತ್ರ ರಾಜಿಯ ಮೇಲೆ: ನಾವು ನಿರಪರಾಧಿಗಳು ಅನ್ನುತ್ತಲೇ ಕಾಗದದ ಮೇಲೆ ತಪ್ಪೊಪ್ಪಿಗೆ. ಹಾಗಾಗಿ ಕಾನೂನಿನ ಪ್ರಕಾರ ಅವರು ಖುಲಾಸೆಯಾದವರಲ್ಲ. ಆಗ ಅರ್ಕಾನ್ಸಾಸ್ ಸರ್ಕಾರ ಮುಖ ಉಳಿಸಿಕೊಂಡಿತು ಅಂತಲೇ ನನಗನ್ನಿಸುತ್ತದೆ.

ಇನ್ನೊಂದು ವಿಷಯ: ವಿಚಾರಣೆ ವೇಳೆ ಪೊಲೀಸರು ಸಾಕ್ಷ್ಯ ಇದೆ ಅಂತ ಸುಳ್ಳು ಹೇಳಿ ಹೆದರಿಸುವುದು ಅಮೆರಿಕದ ಬಹಳ ಕಡೆ ಕಾನೂನುಬದ್ಧ. ಅಪ್ರಾಪ್ತರ ಮೇಲೆ ಇದನ್ನು ಮೊದಮೊದಲು ನಿಷೇಧಿಸಿದ ರಾಜ್ಯಗಳಲ್ಲಿ ಇಲಿನಾಯ್ ಒಂದು, 2021ರಲ್ಲಿ.