ಕೋಲಾರದಲ್ಲಿ ಕೂತು ಕಡಲಿಗೆ ಹೋಗುವ ಹೂಳಿನ ಬಗ್ಗೆ ಓದೋಕೆ ಆಗುತ್ತಾ?

ನೀವು ಕೇಳಿದ್ದು ಇಷ್ಟು: "ಕೋಲಾರದಲ್ಲಿ ಬಿ.ಎಸ್ಸಿ. ಭೂವಿಜ್ಞಾನ, ಕೊನೆಯ ವರ್ಷ. ನದಿಗಳು ಕಡಲಿಗೆ ಮಣ್ಣು ಹೊತ್ತೊಯ್ಯುವುದರ ಬಗ್ಗೆ ಸಂಶೋಧನೆ ಮಾಡಬೇಕು ಅಂತ ಆಸೆ. ಆದರೆ ನಮ್ಮಲ್ಲಿ ಹರಿಯುವ ನದಿಯೂ ಇಲ್ಲ, ಕಡಲೂ ಇಲ್ಲ. ಇಲ್ಲಿಂದ ಶುರು ಮಾಡೋಕೆ ಆಗುತ್ತಾ? ಆ ಕೆಲಸ ನಿಜವಾಗಿ ಹೇಗಿರುತ್ತೆ?"

ಆಗುತ್ತೆ. ನಾನು ಶುರು ಮಾಡಿದ್ದೂ ಅಲ್ಲಿಂದಲೇ.

ನಾನು ಹುಟ್ಟಿ ಬೆಳೆದದ್ದು ಬೇತಮಂಗಲದ ಹತ್ತಿರದ ಹಳ್ಳಿಯಲ್ಲಿ. ಪಾಲಾರ್ ಅಲ್ಲೇ ಪಕ್ಕದಲ್ಲಿ. ಚಿಕ್ಕಂದಿನಲ್ಲಿ ನಾನು ಅದರಲ್ಲಿ ನೀರು ಕಂಡದ್ದು ಕಡಿಮೆ, ಜಾಲಿ ಗಿಡ ಕಂಡದ್ದೇ ಜಾಸ್ತಿ. ಬೇಸಿಗೆಯಲ್ಲಿ ಕೆರೆ ಒಣಗಿದರೆ ಅಪ್ಪ ಹೊಲಕ್ಕೆ ಗೋಡು, ಅಂದರೆ ಕೆರೆಯ ಹೂಳು ಮಣ್ಣು ಹೊಡೆಸುತ್ತಿದ್ದರು. ಟ್ರ್ಯಾಕ್ಟರ್‌ನವನಿಗೆ ಪ್ರತಿ ಸಲವೂ ಒಂದೇ ಮಾತು: "ಏರಿ ಕಡೆಯದು ತುಂಬಪ್ಪ. ಕಾಲುವೆ ಬಾಯಿ ಹತ್ತಿರದ್ದು ಬೇಡ, ಅದು ಬರೀ ಮರಳು." ಎಷ್ಟೋ ವರ್ಷ ಆದ ಮೇಲೆ ತರಗತಿಯಲ್ಲಿ ನದೀಮುಖದ ಪಾಠ ಬಂತು. ದಪ್ಪ ಕಣ ಮೊದಲು ಕೂರುತ್ತೆ, ಸಣ್ಣ ಕಣ ದೂರ ಹೋಗಿ ಕೂರುತ್ತೆ ಅಂತ ಮೇಷ್ಟ್ರು ಬೋರ್ಡ್ ಮೇಲೆ ಚಿತ್ರ ಬರೆದರು. ಅದು ನಮ್ಮ ಕೆರೆಯದೇ ಚಿತ್ರ. ಕಾಲುವೆ ಬಂದು ಬೀಳುವ ಕಡೆ ಮರಳು, ನಡುವೆ ಹಿಟ್ಟಿನಂಥ ಮಣ್ಣು, ಏರಿಯ ಬುಡದಲ್ಲಿ ಜೇಡಿ. ಗೋದಾವರಿ ಬಂಗಾಳ ಕೊಲ್ಲಿಗೆ ಬಿದ್ದಾಗಲೂ ಮೊದಲಿಗೆ ಆಗುವುದು ಇದೇ.

ಇದರ ಹಿಂದಿನ ಲೆಕ್ಕ ತುಂಬಾ ಸರಳ. 0.2 ಮಿಲಿಮೀಟರ್‌ನ ಮರಳಿನ ಕಣ ನಿಂತ ನೀರಲ್ಲಿ ಸೆಕೆಂಡಿಗೆ ಸುಮಾರು 2 ಸೆಂಟಿಮೀಟರ್ ಇಳಿಯುತ್ತದೆ. ಅಂದರೆ ಒಂದಡಿ ಇಳಿಯಲು 15 ಸೆಕೆಂಡ್ ಸಾಕು. 2 ಮೈಕ್ರಾನ್‌ನ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಜೇಡಿ ಕಣಕ್ಕೆ ಅದೇ ಒಂದಡಿಗೆ ಒಂದು ಇಡೀ ದಿನ ಬೇಕು. ಹಾಗಾಗಿ ಮರಳು ತಳದಲ್ಲಿ ಉರುಳಿಕೊಂಡು ಬರುತ್ತೆ, ಜೇಡಿ ನೀರಿನ ಜೊತೆಯೇ ತೇಲಿಕೊಂಡು ಹೋಗುತ್ತೆ. ಇವೆರಡನ್ನೂ ಅಳೆಯುವ ರೀತಿಯೇ ಬೇರೆ. ಪುಸ್ತಕಗಳಲ್ಲಿ ಎರಡಕ್ಕೂ ಸೇರಿಸಿ ಸೆಡಿಮೆಂಟ್ ಅಂತಾರೆ. ನನಗೆ ಹೂಳು ಅನ್ನೋದೇ ಹತ್ತಿರದ ಮಾತು.

ಇನ್ನು ನಾನು ಮಾಡಿದ ಒಂದು ದೊಡ್ಡ ತಪ್ಪು ಹೇಳ್ತೀನಿ, ನಿಮಗೆ ಖಂಡಿತ ಬೇಕಾಗುತ್ತೆ.

ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ನಮ್ಮೂರ ಕೆರೆಗೆ ಬರುವ ಹಳ್ಳವನ್ನೇ ಆರಿಸಿಕೊಂಡಿದ್ದೆ. ಪ್ರತಿ ಸೋಮವಾರ ಬೆಳಿಗ್ಗೆ ಹೋಗಿ ಒಂದು ಲೀಟರ್ ನೀರು ತುಂಬಿಸಿಕೊಂಡು ಬರುವುದು. ಜೂನ್‌ನಿಂದ ಡಿಸೆಂಬರ್‌ವರೆಗೆ ಒಂದು ವಾರವೂ ತಪ್ಪಿಸಲಿಲ್ಲ. ಎಷ್ಟೋ ಸೋಮವಾರ ಹಳ್ಳ ಒಣಗಿಯೇ ಇರುತ್ತಿತ್ತು. ಚಿತ್ತೆ ಮಳೆಯಲ್ಲಿ ಒಂದು ಗುರುವಾರ ರಾತ್ರಿ ಜೋರಾಗಿ ಸುರಿಯಿತು. ಶುಕ್ರವಾರ ಬೆಳಿಗ್ಗೆ ಅಮ್ಮ ಫೋನ್ ಮಾಡಿ "ಹಳ್ಳ ಕೆಂಪಗೆ, ದಡ ಮೀರಿ ಹೋಗ್ತಿದೆ" ಅಂದರು. ನಾನು ಬೆಂಗಳೂರಲ್ಲಿದ್ದೆ. ಸೋಮವಾರ ಹೋಗ್ತೀನಲ್ಲ ಅಂತ ಸುಮ್ಮನಾದೆ. ಸೋಮವಾರ ಹೋದಾಗ ಮೊಣಕಾಲುದ್ದ ನೀರು, ತಳದ ಕಲ್ಲು ಕಾಣುವಷ್ಟು ತಿಳಿ. ಆ ವರ್ಷದ ಮಣ್ಣೆಲ್ಲ ಹೆಚ್ಚುಕಡಿಮೆ ಆ ಒಂದು ರಾತ್ರಿಯಲ್ಲೇ ಕೆರೆ ಸೇರಿಯಾಗಿತ್ತು. ನನ್ನ ಕೈಲಿದ್ದದ್ದು ಉಳಿದ ದಿನಗಳ ತಿಳಿನೀರಿನ ಬಾಟಲಿಗಳು.

ಯಾಕೆ ಹೀಗೆ ಅಂದರೆ, ಪ್ರವಾಹ ಬಂದಾಗ ನೀರಷ್ಟೇ ಜಾಸ್ತಿ ಆಗಲ್ಲ, ಪ್ರತಿ ಲೀಟರಿನಲ್ಲಿರುವ ಮಣ್ಣೂ ಜಾಸ್ತಿ ಆಗುತ್ತೆ. ನೀರು ಹತ್ತು ಪಟ್ಟು, ಲೀಟರಿಗೆ ಮಣ್ಣು ಹತ್ತು ಪಟ್ಟು ಅಂತಿಟ್ಟುಕೊಳ್ಳಿ. ಹೊತ್ತೊಯ್ಯುವ ಮಣ್ಣು ನೂರು ಪಟ್ಟಾಯಿತು. ಉಷ್ಣವಲಯದ ನದಿಗಳಲ್ಲಿ ಇದು ಇನ್ನೂ ಜೋರು. ನಮ್ಮಲ್ಲಿ ಮಳೆ ವರ್ಷವಿಡೀ ಹಂಚಿ ಬೀಳಲ್ಲ. ಮುಂಗಾರು, ಹಿಂಗಾರು, ಚಂಡಮಾರುತ ಅಂತ ಗುಂಪು ಗುಂಪಾಗಿ ಬೀಳುತ್ತೆ. 2021ರ ನವೆಂಬರ್ ನೆನಪಿದೆಯಾ? ನಮ್ಮ ಕಡೆ ಎಷ್ಟೋ ಕೆರೆಗಳು ಕೋಡಿ ಬಿದ್ದವು, ಪಾಲಾರ್ ತುಂಬಿ ಹರಿಯಿತು. ಉತ್ತರ ಪಿನಾಕಿನಿಯ ಪ್ರವಾಹ ನೆಲ್ಲೂರಿಗೆ ನುಗ್ಗಿತು, ಕಡಪ ಜಿಲ್ಲೆಯಲ್ಲಿ ಪಾಪಾಗ್ನಿಯ ಸೇತುವೆಯೇ ಕುಸಿಯಿತು. ಅಂಥ ಒಂದು ವಾರ ಎಷ್ಟೋ ಸಾಧಾರಣ ವರ್ಷಗಳ ಕೆಲಸ ಮಾಡಿಬಿಡುತ್ತೆ. ಆದ್ದರಿಂದ ಈ ವಿಷಯ ಓದುವವರಿಗೆ ಕ್ಯಾಲೆಂಡರ್ ನೋಡಿ ಹೋಗುವ ಅಭ್ಯಾಸ ಆಗಿಬರಲ್ಲ. ಮೋಡ ನೋಡಿ ಹೋಗಬೇಕು. ರಾತ್ರಿ ಎರಡು ಗಂಟೆಗೆ ಹಳ್ಳ ಏರುತ್ತಿದ್ದರೆ ಎರಡು ಗಂಟೆಗೇ ಅಲ್ಲಿರಬೇಕು. ದಡ ಕುಸಿಯದ ಕಡೆ, ಸೇತುವೆ ಮೇಲೆ, ಜೊತೆಗೊಬ್ಬರನ್ನು ಇಟ್ಟುಕೊಂಡು. ಒಂಟಿಯಾಗಿ ನೀರಿಗೆ ಇಳಿಯಲೇಬೇಡಿ.

ನಮ್ಮಲ್ಲಿ ನದಿ ಇಲ್ಲ ಅಂದಿರಿ. ನಂದಿ ಬೆಟ್ಟಗಳ ಸಾಲನ್ನು ಒಮ್ಮೆ ನಕ್ಷೆಯಲ್ಲಿ ನೋಡಿ. ಉತ್ತರ ಪಿನಾಕಿನಿ ಅಲ್ಲಿಂದ ಹೊರಟು 597 ಕಿಲೋಮೀಟರ್ ಹರಿದು ನೆಲ್ಲೂರಿನ ಆಚೆ ಕಡಲಿಗೆ ಸೇರುತ್ತದೆ. ದಕ್ಷಿಣ ಪಿನಾಕಿನಿ ಕಡಲೂರಿನ ಹತ್ತಿರ. ಚಿಂತಾಮಣಿ ತಾಲ್ಲೂಕಿನ ತಲಗವಾರದ ಕಡೆ ಹುಟ್ಟುವ ಪಾಲಾರ್ ಚೆನ್ನೈನ ದಕ್ಷಿಣಕ್ಕೆ, ವಯಲೂರಿನಲ್ಲಿ. ಅರ್ಕಾವತಿ ಕಾವೇರಿಗೆ. ಎಲ್ಲವೂ ಕೊನೆಗೆ ಬಂಗಾಳ ಕೊಲ್ಲಿಗೇ. ನಿಮ್ಮ ಹೊಲದ ಕೆಮ್ಮಣ್ಣಿಗೂ ಕಡಲಿಗೂ ದಾರಿ ಇದ್ದೇ ಇದೆ. ನಡುವೆ ಎಲ್ಲೆಲ್ಲಿ ಅದು ನಿಂತುಬಿಡುತ್ತೆ ಅನ್ನೋದೇ ದೊಡ್ಡ ಪ್ರಶ್ನೆ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ, ಅದು ತುಂಬಿದರೆ ಇನ್ನೊಂದಕ್ಕೆ. ಹಿಂದಿನವರು ಹೀಗೆ ಸಾಲಾಗಿ ಕೆರೆ ಕಟ್ಟಿದರು. ಒಂದೊಂದು ಕೆರೆಯೂ ಒಂದೊಂದು ಜರಡಿ. ಆಮೇಲೆ ಉತ್ತರ ಪಿನಾಕಿನಿಗೆ ಆಂಧ್ರದಲ್ಲಿ ಸೋಮಶಿಲ ಜಲಾಶಯ ಇದೆ.

ಜರಡಿ ಅಂದಾಗ ನೆನಪಾಯಿತು. ನಮ್ಮ ಕಡೆಯ ಫಿಲ್ಟರ್ ಮರಳು ನೀವೂ ನೋಡಿರುತ್ತೀರಿ. ಕೆರೆ ಅಂಗಳದ ಮಣ್ಣನ್ನು ಮೋಟರ್ ಹಚ್ಚಿ ತೊಳೆದು ಮರಳು ಮಾತ್ರ ಎತ್ತಿಕೊಳ್ಳುತ್ತಾರೆ. ಸಾವಿರಾರು ವರ್ಷ ತೆಗೆದುಕೊಂಡು ಆದ ಮಣ್ಣಿನ ಸತ್ವವೆಲ್ಲ ರಾಡಿಯಾಗಿ ಹರಿದುಹೋಗುತ್ತೆ. ಅದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಈಗ ಕಡಲಿನ ಕೆಲಸ. ನಾನು ಪ್ರಾಜೆಕ್ಟ್ ಸಹಾಯಕರಾಗಿ ಮೊದಲು ಹೋದದ್ದು ಯಾನಂ ಕಡೆ, ಗೋದಾವರಿಯ ಗೌತಮಿ ಕವಲಿನ ಅಳಿವೆಗೆ, ಅಂದರೆ ನದಿ ಕಡಲು ಸೇರುವ ಜಾಗಕ್ಕೆ. ಆಗಸ್ಟ್ ತಿಂಗಳು. ಬಾಡಿಗೆ ದೋಣಿ. ನಮ್ಮ ಗಡಿ ಕಡೆಯವರಿಗೆ ತೆಲುಗು ಬರುತ್ತಲ್ವಾ, ಅದು ಅಲ್ಲಿ ತುಂಬಾ ಅನುಕೂಲವಾಯಿತು. ಮೀನುಗಾರರಿಗೆ ನೀರಿನ ಬಣ್ಣ ನೋಡಿದರೇ ಎಲ್ಲ ಗೊತ್ತಾಗುತ್ತೆ. ನದಿ ಬಾಯಿಂದ ಸ್ವಲ್ಪ ಹೊರಗೆ ಹೋದರೆ ಒಂದು ಗೆರೆ ಕಾಣುತ್ತದೆ. ಈ ಕಡೆ ಟೀ ಬಣ್ಣದ ನೀರು, ಆ ಕಡೆ ಹಸಿರು ನೀರು, ನಡುವೆ ನೊರೆ, ಕೊಚ್ಚಿ ಬಂದ ಅಂತರಗಂಗೆ ಗಿಡ, ಕಡ್ಡಿ ಕಸ. ಸಿಹಿನೀರು ಹಗುರ, ಉಪ್ಪುನೀರು ಭಾರ. ಹಾಗಾಗಿ ನದಿ ಕಡಲ ಮೇಲೆ ತೆಳುವಾಗಿ ಹರಡಿಕೊಳ್ಳುತ್ತದೆ, ತಳದಲ್ಲಿ ಉಪ್ಪುನೀರು ನದಿಯೊಳಕ್ಕೆ ನುಗ್ಗುತ್ತಿರುತ್ತದೆ. ಮೇಲೆ ಹೊರಗೆ ಹೋದ ಮಣ್ಣು ಕೆಳಗೆ ಕೂತು ಮತ್ತೆ ಒಳಗೆ ಬರುವುದೂ ಉಂಟು.

ಒಂದು ಉಬ್ಬರ ಇಳಿತದ ಸುತ್ತು 12 ಗಂಟೆ 25 ನಿಮಿಷ. ಅಷ್ಟು ಹೊತ್ತೂ ಲಂಗರು ಹಾಕಿ ಒಂದೇ ಕಡೆ ನಿಂತು ಗಂಟೆಗೊಮ್ಮೆ ಮೇಲೆ, ನಡುವೆ, ತಳದಲ್ಲಿ ನೀರು ಹಿಡಿಯಬೇಕು. ಹತ್ತಿರ ಹತ್ತಿರ ನಲವತ್ತು ಬಾಟಲಿ. ದಡಕ್ಕೆ ಬಂದ ಮೇಲೆ ಪ್ರತಿಯೊಂದನ್ನೂ 0.45 ಮೈಕ್ರಾನ್ ರಂಧ್ರದ ಫಿಲ್ಟರ್ ಕಾಗದದಲ್ಲಿ ಸೋಸುವುದು. ಕಾಗದವನ್ನು ಮೊದಲೇ ತೂಗಿರಬೇಕು, ಸೋಸಿ ಒಣಗಿಸಿ ಮತ್ತೆ ತೂಗಬೇಕು. ಎರಡರ ವ್ಯತ್ಯಾಸವೇ ಮಣ್ಣು. ಇಲ್ಲೊಂದು ಸೂಕ್ಷ್ಮ ಇದೆ. ಕಡಲ ನೀರಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ, ಮಣ್ಣು ಎಷ್ಟೋ ಸಲ ಬರೀ ಕೆಲವು ಮಿಲಿಗ್ರಾಂ. ಸೋಸಿದ ಮೇಲೆ ಕಾಗದವನ್ನು ಡಿಸ್ಟಿಲ್ಡ್ ನೀರಲ್ಲಿ ಚೆನ್ನಾಗಿ ತೊಳೆಯದಿದ್ದರೆ ನೀವು ತೂಗುವುದು ಉಪ್ಪನ್ನು. ಕಾಗದದ ಅಂಚಿನಲ್ಲಿ ಉಳಿದ ಒಂದು ಬಿಳಿ ಗೆರೆ ಸಾಕು, ಇಡೀ ದಿನದ ಲೆಕ್ಕ ಹಾಳು.

ಉಪ್ಪು ಇನ್ನೊಂದು ಕೆಲಸವನ್ನೂ ಮಾಡುತ್ತೆ. ಅದನ್ನು ನೀವು ಇವತ್ತೇ ಮನೆಯಲ್ಲಿ ನೋಡಬಹುದು. ಏರಿ ಬುಡದ ಜೇಡಿ ಒಂದು ಹಿಡಿ ತಂದು ಬಕೆಟ್ ನೀರಲ್ಲಿ ಕಲಕಿ. ಹತ್ತು ನಿಮಿಷ ಬಿಟ್ಟು ಮೇಲಿನ ರಾಡಿ ನೀರನ್ನು ಎರಡು ಗಾಜಿನ ಲೋಟಕ್ಕೆ ಹಾಕಿ. ಒಂದಕ್ಕೆ ಒಂದು ಚಮಚ ಉಪ್ಪು ಹಾಕಿ ಕಲಸಿ, ಎರಡನ್ನೂ ಅಲುಗಿಸದೆ ಇಡಿ. ಸ್ವಲ್ಪ ಹೊತ್ತಿಗೆ ಉಪ್ಪಿನ ಲೋಟದಲ್ಲಿ ಮಣ್ಣು ಹಾಲು ಒಡೆದ ಹಾಗೆ ಸಣ್ಣ ಸಣ್ಣ ಗುಪ್ಪೆಯಾಗಿ ಇಳಿಯಲು ಶುರುವಾಗುತ್ತದೆ. ಇನ್ನೊಂದು ಲೋಟ ಮಾರನೇ ದಿನವೂ ರಾಡಿಯಾಗಿಯೇ ಇರಬಹುದು. ಜೇಡಿ ಕಣಗಳ ಮೇಲೆ ಋಣ ವಿದ್ಯುತ್ ಇರುತ್ತೆ, ಒಂದನ್ನೊಂದು ದೂರ ತಳ್ಳುತ್ತವೆ. ಉಪ್ಪು ಆ ತಳ್ಳಾಟವನ್ನು ತಗ್ಗಿಸುತ್ತೆ, ಕಣಗಳು ಅಂಟಿಕೊಂಡು ಭಾರವಾಗುತ್ತವೆ. ದಿನಕ್ಕೆ ಒಂದಡಿ ಇಳಿಯುವ ಕಣ ಅಳಿವೆಯಲ್ಲೇ ಕೂತುಬಿಡುವುದಕ್ಕೆ ಇದೊಂದು ದೊಡ್ಡ ಕಾರಣ. ನಾನು ಇದನ್ನು ನಮ್ಮೂರ ಶಾಲೆ ಮಕ್ಕಳಿಗೆ ತೋರಿಸಿದಾಗ ಗಂಟೆ ಹೊಡೆದರೂ ಯಾರೂ ಎದ್ದು ಹೋಗಲಿಲ್ಲ.

ಕೂತ ಮಣ್ಣು ತಾನು ಎಲ್ಲಿಂದ ಬಂದೆ ಅಂತಲೂ ಹೇಳುತ್ತದೆ. ಗೋದಾವರಿ, ಕೃಷ್ಣೆ ದಖ್ಖನ್ನಿನ ಕಪ್ಪು ಮಣ್ಣು ತರುತ್ತವೆ, ಅದರಲ್ಲಿ ಸ್ಮೆಕ್ಟೈಟ್ ಅನ್ನೋ ಜೇಡಿ ಖನಿಜ ಜಾಸ್ತಿ. ಗಂಗಾ ಬ್ರಹ್ಮಪುತ್ರ ಹಿಮಾಲಯದಿಂದ ತರುವುದರಲ್ಲಿ ಇಲ್ಲೈಟ್, ಕ್ಲೋರೈಟ್ ಜಾಸ್ತಿ. ನಮ್ಮ ಕೋಲಾರದ ಗ್ನೈಸ್ ಕಲ್ಲು ಕೊಳೆತು ಆದ ಕೆಂಪು ಮಣ್ಣಿನಲ್ಲಿ ಕೆಯೊಲಿನೈಟ್. ಎಕ್ಸ್‌ರೇ ಯಂತ್ರಕ್ಕೆ ಹಾಕಿದರೆ ಒಂದೊಂದಕ್ಕೂ ಬೇರೆ ಬೇರೆ ಗುರುತು. ಕೊಳವೆ ಇಳಿಸಿ ತೆಗೆದ ಮಣ್ಣಿನ ಕಂಬದಲ್ಲಿ ಸೀಸ-210 (ವಿಕಿರಣ ಸೂಸುವ ಸೀಸ) ಅಳೆದು ಪದರಗಳ ವಯಸ್ಸು ಹೇಳಬಹುದು. ಅದು ಸುಮಾರು 22 ವರ್ಷಕ್ಕೆ ಅರ್ಧವಾಗುತ್ತೆ, ಹಾಗಾಗಿ ನೂರು ವರ್ಷದ ಲೆಕ್ಕಕ್ಕೆ ಸರಿಹೋಗುತ್ತೆ. ಅಣುಬಾಂಬ್ ಪರೀಕ್ಷೆಗಳಿಂದ ಬಿದ್ದ ಸೀಸಿಯಂ-137 ಎಷ್ಟೋ ಕಡೆ 1963ರ ಪದರದಲ್ಲಿ ಎದ್ದು ಕಾಣುತ್ತದೆ. ಈ ಎರಡೂ ವಿಧಾನ ಕೆರೆ ಹೂಳಿಗೂ ಆಗುತ್ತವೆ. ಹೂಳೆತ್ತದ ಹಳೆ ಕೆರೆ ಸಿಕ್ಕರೆ ಬಿಡಬೇಡಿ.

ಇದೆಲ್ಲ ಯಾಕೆ ಬೇಕು? ಜಗತ್ತಿನ ನದಿಗಳು ವರ್ಷಕ್ಕೆ 1,500ರಿಂದ 2,000 ಕೋಟಿ ಟನ್‌ನಷ್ಟು ಮಣ್ಣು ಒಯ್ಯುತ್ತವೆ ಅಂತ ಅಂದಾಜು. ಗಂಗಾ ಬ್ರಹ್ಮಪುತ್ರ ಎರಡೇ ಸೇರಿ ಸುಮಾರು 100 ಕೋಟಿ ಟನ್. ಜಾನ್ ಮಿಲಿಮನ್ ಮತ್ತು ಜೇಮ್ಸ್ ಸಿವಿಟ್‌ಸ್ಕಿ ಅನ್ನೋ ವಿಜ್ಞಾನಿಗಳು 1992ರಲ್ಲಿ 280 ನದಿಗಳ ಲೆಕ್ಕ ಹಾಕಿ, ಬೆಟ್ಟದಿಂದ ನೇರ ಕಡಲಿಗೆ ಧುಮುಕುವ ಚಿಕ್ಕ ನದಿಗಳ ಪಾಲು ಅಂದುಕೊಂಡದ್ದಕ್ಕಿಂತ ಎಷ್ಟೋ ಜಾಸ್ತಿ ಅಂತ ತೋರಿಸಿದರು. ಅಂಥ ನದಿಗಳು ಇಂಡೋನೇಷ್ಯಾ, ಪಪುವಾ ನ್ಯೂಗಿನಿ, ಫಿಲಿಪೀನ್ಸ್ ಕಡೆ ತುಂಬಾ ಇವೆ. ಇನ್ನೊಂದು ಕಡೆ, ಅಣೆಕಟ್ಟುಗಳ ಹಿಂದೆ ಈಗಾಗಲೇ 10,000 ಕೋಟಿ ಟನ್‌ಗೂ ಜಾಸ್ತಿ ಹೂಳು ಸಿಕ್ಕಿಬಿದ್ದಿದೆ. ಗೋದಾವರಿ ಈಗ ಕಡಲಿಗೆ ತರುವ ಮಣ್ಣು 1970ರ ದಶಕದಲ್ಲಿ ತರುತ್ತಿದ್ದದ್ದರ ಅರ್ಧಕ್ಕಿಂತ ಕಡಿಮೆ. ಕಾಕಿನಾಡದ ಹತ್ತಿರ ಉಪ್ಪಾಡ ಅಂತ ಊರಿದೆ, ಅಲ್ಲಿನ ಸೀರೆ ನಿಮಗೆ ಗೊತ್ತಿರಬಹುದು. ಆ ದಡವನ್ನು ಕಡಲು ವರ್ಷವರ್ಷವೂ ತಿನ್ನುತ್ತಿದೆ. ಅಲೆ, ಬಂದರಿನ ಕಟ್ಟಡಗಳು ಹೀಗೆ ಬೇರೆ ಕಾರಣಗಳೂ ಇವೆ, ಆದರೆ ಸವೆದ ದಡಕ್ಕೆ ಮಣ್ಣು ತಂದು ತುಂಬಬೇಕಾದ್ದು ನದಿಯೇ. ಅಲ್ಲಿ ಒಬ್ಬ ಅಜ್ಜಿ ಅಲೆ ಒಡೆಯುವ ಜಾಗಕ್ಕೆ ಕೈ ತೋರಿಸಿ "ಮಾ ಇಲ್ಲು ಅಕ್ಕಡ" ಅಂದರು. ನಮ್ಮ ಮನೆ ಅಲ್ಲಿತ್ತು ಅಂತ. ಇವತ್ತಿಗೂ ಫಿಲ್ಟರ್ ತೂಗುವಾಗ ಅವರ ಕೈ ಕಣ್ಣ ಮುಂದೆ ಬರುತ್ತದೆ.

ಓದಿನ ದಾರಿ ಬೇಗ ಹೇಳಿ ಮುಗಿಸ್ತೀನಿ. ಐಐಟಿಗಳಂಥ ಕಡೆ ಎಂ.ಎಸ್ಸಿ. ಸೇರೋಕೆ ಇರುವ ಜಾಮ್ (JAM) ಪರೀಕ್ಷೆಯನ್ನು ಭೂವಿಜ್ಞಾನದಲ್ಲಿ ಬರೆಯಿರಿ. ಸಾಗರ ಭೂವಿಜ್ಞಾನವೇ ಬೇಕಂದರೆ ಮಂಗಳೂರು ವಿಶ್ವವಿದ್ಯಾಲಯ, ಕೊಚ್ಚಿಯ ವಿಶ್ವವಿದ್ಯಾಲಯ ನೋಡಿ. ಆಮೇಲೆ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ, ವಿಶಾಖಪಟ್ಟಣದಲ್ಲೂ ಅದರ ಕೇಂದ್ರ ಇದೆ. ಗಣಿತ ಬಿಡಬೇಡಿ, ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೆ ಸ್ವಲ್ಪ ಕಲಿಯಿರಿ. ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಉಚಿತ. ಮಳೆಗಾಲ ಮುಗಿಯುವ ಹೊತ್ತಿಗೆ ಮೋಡ ಇಲ್ಲದ ಒಂದು ದಿನದ ಗೋದಾವರಿ ಬಾಯಿ ತೆಗೆದು ನೋಡಿ, ಕಂದು ನೀರಿನ ನಾಲಿಗೆ ಕಾಣುತ್ತದೆ. ಕೇಂದ್ರ ಜಲ ಆಯೋಗದ ನದಿ ಅಳತೆಗಳು ಇಂಡಿಯಾ-ವ್ರಿಸ್ ತಾಣದಲ್ಲಿ ಸಿಗುತ್ತವೆ.

ಸದ್ಯಕ್ಕೆ ಒಂದು ಕೆಲಸ ಮಾಡಿ. ನಿಮ್ಮೂರಿನ ಕೆರೆಗೆ ಬರುವ ಒಂದು ಕಾಲುವೆ ಆರಿಸಿಕೊಳ್ಳಿ. ಅದರ ಮೋರಿಯ ಗೋಡೆಗೆ ಬಣ್ಣದಲ್ಲಿ ಅಡಿ, ಅಂಗುಲದ ಗುರುತು ಹಾಕಿ. ಒಂದು ಲೀಟರಿನ ಹತ್ತು ಖಾಲಿ ಬಾಟಲಿ, ಒಂದು ಹಗ್ಗ, ಒಂದು ಮಾರ್ಕರ್ ಪೆನ್ನು ಚೀಲದಲ್ಲಿಟ್ಟು ಬಾಗಿಲ ಹಿಂದೆ ತೂಗುಹಾಕಿ. ಜೋರು ಮಳೆ ಬಂದ ಹೊತ್ತಿಗೆ ಅರ್ಧ ಗಂಟೆಗೊಂದು ಬಾಟಲಿ, ಮೇಲೆ ದಿನಾಂಕ, ಗಂಟೆ, ನೀರಿನ ಮಟ್ಟ. ನೀರು ಏರುವಾಗಲೂ ಹಿಡಿಯಿರಿ, ಇಳಿಯುವಾಗಲೂ ಹಿಡಿಯಿರಿ. ಒಂದೇ ಮಟ್ಟದಲ್ಲಿ ಏರುನೀರು, ಇಳಿನೀರು ಎರಡರಲ್ಲೂ ಮಣ್ಣು ಒಂದೇ ಸಮ ಇದೆಯಾ ಅಂತ ತೂಗಿ ನೋಡಿ. ಆ ಹತ್ತು ಬಾಟಲಿಯ ಲೆಕ್ಕ ಬಂದ ದಿನ ಇಲ್ಲೇ ಬರೆಯಿರಿ, ನಾನು ಓದ್ತೀನಿ.